ಮಣ್ಣುದಾರಿಯ ಸೈಕಲ್ಲು, ಅಘನಾಶಿನಿಯ ಕಣಿವೆ

(ನಮ್ಮ ಒಕ್ಕೂಟದ ಕಾರ್ಯಕರ್ತರ ಸಮಾವೇಶದಲ್ಲಿ ಮಾಡಿದ ಭಾಷಣದ ಬರೆಹ ರೂಪ)



ನದಿ, ಕಾಡು, ಅಣೆಕಟ್ಟುಗಳ ವಿಚಾರವಾಗಿ ಮಾತನಾಡುವುದಕ್ಕೆಂದು ಕಟ್ಟಿಕೊಂಡ ಈ ವೇದಿಕೆಯಲ್ಲಿ ಸೈಕಲ್ ಸವಾರಿಯ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಹೇಳಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಅವರು ನನ್ನ ಕೈಗೊಂದು ಪತ್ರ ಕೊಟ್ಟರು. ಓದಿದ ಮೇಲೆ ನಗು ನಿಂತಿತು. ಪತ್ರ ಬರೆದವರು ಬಯಲುಸೀಮೆಯ ಒಂದು ನಗರದ ಸೈಕಲ್ ಸವಾರರು. ಅಘನಾಶಿನಿ ಕಣಿವೆಯಲ್ಲಿ ಇನ್ನೂ ಡಾಂಬರು ಕಾಣದ ದಾರಿಗಳು ಹೇರಳವಾಗಿವೆಯೆಂದು ಅವರು ಕೇಳಿದ್ದಾರೆ. ಅವನ್ನೆಲ್ಲ ಗುರುತಿಸಿ, ಶಿರಸಿಯಿಂದ ಕಡಲಿನವರೆಗೆ ಒಂದು ಮಾರ್ಗನಕ್ಷೆ ಸಿದ್ಧಪಡಿಸಲು ನಮ್ಮ ಒಕ್ಕೂಟ ನೆರವಾಗಬೇಕೆಂದು ಕೋರಿದ್ದಾರೆ. ಪತ್ರದಲ್ಲಿ ವಿನಯವಿದೆ, ನದಿಯ ಮೇಲಿನ ಪ್ರೀತಿಯೂ ಇದೆ. ನಾಳೆ ಬೆಳಗ್ಗೆ ಕಾರ್ಯಕಾರಿ ಸಮಿತಿ ಇದಕ್ಕೆ ಉತ್ತರ ಬರೆಯಬೇಕಾಗಿದೆ. ಅದಕ್ಕಿಂತ ಮೊದಲು ನಾವೆಲ್ಲ ಕೂಡಿ ಒಂದಿಷ್ಟು ವಿಚಾರ ಮಾಡೋಣ ಎಂಬುದಷ್ಟೇ ನನ್ನ ಮಾತಿನ ಉದ್ದೇಶ.

ಮೊದಲಿಗೆ, ನಮ್ಮೂರಿನ ಒಂದು ಸಣ್ಣ ಪ್ರಸಂಗ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ಏಳೆಂಟು ಮಂದಿ ಸವಾರರು, ಮೊಬೈಲಿನಲ್ಲಿ ಕಂಡ ಗೆರೆಯೊಂದನ್ನು ಹಿಡಿದು, ನಮ್ಮ ಕೇರಿಯ ಸೊಪ್ಪಿನಬೆಟ್ಟದ ದಾರಿಗೆ ಬಂದರು. ದಾರಿಗೆ ಅಡ್ಡವಾಗಿದ್ದ ಉಣುಗೋಲನ್ನು ಸರಿಸಿದರು, ದಾಟಿದರು, ಮುಂದೆ ಹೋದರು. ಸರಿಸಿದ ಗಳಗಳು ಬದಿಯಲ್ಲೇ ಬಿದ್ದಿದ್ದವು. ಸಂಜೆಯೊಳಗೆ ಊರ ದನಗಳು ಗದ್ದೆಗಿಳಿದವು. ಕೊಯ್ಲಿಗೆ ಬಂದಿದ್ದ ಬತ್ತದಲ್ಲಿ ಅರ್ಧ ಗದ್ದೆ ಹೋಯಿತು. ಆ ಗದ್ದೆಯ ಯಜಮಾನಿತಿ ವಿಧವೆ; ಅದೊಂದೇ ಗದ್ದೆ ಅವರಿಗೆ. ಬಂದವರು ದುಷ್ಟರೇನಲ್ಲ. ದಾರಿಯಲ್ಲಿ ಕಂಡ ಮಕ್ಕಳಿಗೆಲ್ಲ ಕೈಬೀಸಿದವರು, ಒಂದು ಚೂರು ಪ್ಲಾಸ್ಟಿಕ್ಕನ್ನೂ ಎಸೆಯದವರು. ಉಣುಗೋಲು ಎಂದರೇನೆಂಬುದು ಅವರಿಗೆ ತಿಳಿದಿರಲಿಲ್ಲ. ಮೊಬೈಲಿನ ಗೆರೆಯಲ್ಲಿ ಅದು ಕಾಣುವುದೂ ಇಲ್ಲ. ನನ್ನ ಮಾತೆಲ್ಲ ಈ ಪ್ರಸಂಗದ ಸುತ್ತಲೇ ತಿರುಗುತ್ತದೆ.

ಏನಿದು ಹೊಸ ಸವಾರಿ?

ಇಂಗ್ಲಿಷಿನಲ್ಲಿ ಇದನ್ನು ‘ಗ್ರಾವೆಲ್ ಬೈಕಿಂಗ್’ ಎನ್ನುತ್ತಾರೆ. ಜಲ್ಲಿ, ಮಣ್ಣು, ಕಚ್ಚಾ ರಸ್ತೆಗಳ ಮೇಲೆ ದೂರ ದೂರ ಸಾಗುವ ಸವಾರಿ. ಇದರ ಸೈಕಲ್ಲಿಗೆ ಪಂದ್ಯದ ಸೈಕಲ್ಲಿನಂತೆಯೇ ಕೆಳಕ್ಕೆ ಬಾಗಿದ ಹಿಡಿ ಇರುತ್ತದೆ. ಚಕ್ರದ ಟಯರು ಮಾತ್ರ ಅದಕ್ಕಿಂತ ದಪ್ಪ. ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲ. ಕಡಿದಾದ ಏರನ್ನು ಹತ್ತಲು ಹಗುರವಾದ ಗೇರು, ಕೆಸರಿನಲ್ಲೂ ಹಿಡಿಯುವ ಡಿಸ್ಕ್ ಬ್ರೇಕು. ಅಮೆರಿಕದ ಕಾನ್ಸಾಸ್ ಪ್ರಾಂತ್ಯದ ಹುಲ್ಲುಗುಡ್ಡಗಳಲ್ಲಿ 2006ರಲ್ಲಿ ಆರಂಭವಾದ ಸ್ಪರ್ಧೆಯೊಂದು ಈ ಸವಾರಿಗೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಹೆಸರು ಹೊಸದು, ಸವಾರಿ ನಮಗೇನೂ ಹೊಸದಲ್ಲ. ಹಾಲಿನ ಕ್ಯಾನನ್ನು ಎರಡೂ ಕಡೆ ಕಟ್ಟಿಕೊಂಡು ಡೇರಿಗೆ ಹೋದವರು, ಹಿಂದಿನ ಕ್ಯಾರಿಯರಿನಲ್ಲಿ ಅಕ್ಕಿಮೂಟೆ ಹೇರಿಕೊಂಡು ಬಂದವರು ಇಲ್ಲಿ ಎಷ್ಟೋ ಮಂದಿ ಕುಳಿತಿದ್ದೀರಿ. ಕರ್ನಾಟಕ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಆ ಸೈಕಲ್ಲು ತುಳಿದು ಹೈಸ್ಕೂಲು ಮುಗಿಸಿದ ನಮ್ಮ ಹೆಣ್ಣುಮಕ್ಕಳು ಓಡಾಡಿದ್ದು ಇದೇ ಮಣ್ಣುದಾರಿಗಳಲ್ಲಿ. ಆದ್ದರಿಂದ ಸೈಕಲ್ಲನ್ನು ಹೊರಗಿನ ವಸ್ತುವೆಂದು ಕಾಣುವುದಕ್ಕೆ ಕಾರಣವಿಲ್ಲ. ಹೊಗೆಯಿಲ್ಲದೆ, ಸದ್ದಿಲ್ಲದೆ, ಬೆವರು ಹರಿಸಿ ಬರುವ ಅತಿಥಿ ನಮ್ಮ ಕಣಿವೆಗೆ ಬರುವ ಅತಿಥಿಗಳಲ್ಲೆಲ್ಲ ಉತ್ತಮನೇ. ಅವನು ಎಲ್ಲಿ, ಯಾವಾಗ, ಯಾರನ್ನು ಕೇಳಿ ಬರುತ್ತಾನೆ ಎಂಬುದಷ್ಟೇ ಈಗಿರುವ ಪ್ರಶ್ನೆ.

ಅಡ್ಡಗೋಡೆಯಿಲ್ಲದ ಹೊಳೆ

ಈ ಕಣಿವೆಗೇ ಸವಾರರು ಏಕೆ ಆಸೆಪಡುತ್ತಾರೆ? ಕಾರಣ ಸ್ಪಷ್ಟವಾಗಿದೆ. ಒಂದು ಕವಲು ಶಿರಸಿಯ ಶಂಕರಹೊಂಡದಲ್ಲಿ, ಇನ್ನೊಂದು ಕವಲು ಮಂಜುಗುಣಿಯಲ್ಲಿ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ಮೊದಲಿನಿಂದ ಕೊನೆಯವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ನೆರೆಯ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಗೋಡೆ ಬಂತು. ಅಲ್ಲಿ ಎಷ್ಟು ಊರುಗಳೂ ಎಷ್ಟು ದಾರಿಗಳೂ ಮುಳುಗಿದವೆಂಬುದು ನಮ್ಮಲ್ಲಿ ಹಲವರ ಮನೆತನದ ಕತೆಯೇ ಆಗಿದೆ. ಅಘನಾಶಿನಿಯ ದಾರಿಗಳು ಮುಳುಗಲಿಲ್ಲ. ಹೊಳೆ ತನ್ನ ಪಾಡಿಗೆ ಹರಿದುದರಿಂದ ಹೊಳೆಬದಿಯ ಊರುಗಳೂ ಅವುಗಳ ನಡುವಿನ ದಾರಿಗಳೂ ಉಳಿದವು.

ಸುಮಾರು 600 ಮೀಟರ್ ಎತ್ತರದ ಶಿರಸಿಯ ಕಡೆಯಿಂದ ಹೊರಟವನು ಅಡಕೆತೋಟ, ಗದ್ದೆ, ಬೆಟ್ಟ, ಕಾನುಗಳನ್ನು ಹಾದು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಹೊಳೆಯನ್ನು ನೋಡಿ, ಘಟ್ಟವಿಳಿದು, ಕೊನೆಗೆ ಕಗ್ಗದ ಬತ್ತ ಬೆಳೆಯುವ ಗಜನಿಯ ಬಯಲಿಗೆ ಬಂದು ಸೇರುತ್ತಾನೆ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬೆಳಚು ಆರಿಸುವ ಹೆಂಗಸರನ್ನು ಕಾಣುತ್ತಾನೆ. ಉಪ್ಪುನೀರಿನಲ್ಲೂ ಬದುಕುವ ಕಗ್ಗದಂಥ ಬತ್ತವೂ, ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುವ ಚಿಪ್ಪಿಯೂ ಇಲ್ಲಿ ಇಂದಿಗೂ ಇರುವುದಕ್ಕೆ ಘಟ್ಟದ ಮೇಲಿನಿಂದ ಸಿಹಿನೀರು ತಡೆಯಿಲ್ಲದೆ ಇಳಿದು ಬರುತ್ತಿರುವುದೇ ಮುಖ್ಯ ಕಾರಣ. 2000ರ ದಶಕದಲ್ಲಿ ತದಡಿಯಲ್ಲಿ 4000 ಮೆಗಾವಾಟ್‌ಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಾಗಿ ನಿಂತರು; ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಸೈಕಲ್ ಸವಾರ ನೋಡಲು ಬರುವ ಚೆಲುವು ತಾನಾಗಿ ಉಳಿದದ್ದಲ್ಲ. ಕೆಲವರು ದುಡಿದು, ಕೆಲವರು ಹೋರಾಡಿ ಅದನ್ನು ಉಳಿಸಿಕೊಂಡಿದ್ದಾರೆ.

ದಾರಿ ಮಾಡಿದವರು ಯಾರು?

ನಕ್ಷೆಯಲ್ಲಿ ಎಲ್ಲ ಮಣ್ಣುದಾರಿಗಳೂ ಒಂದೇ ಬಗೆಯ ಗೆರೆಗಳಾಗಿ ಕಾಣುತ್ತವೆ. ನೆಲದ ಮೇಲೆ ಅವು ಒಂದೇ ಅಲ್ಲ. ನನಗೆ ತಿಳಿದಂತೆ ಈ ಕಣಿವೆಯಲ್ಲಿ ಮೂರು ಬಗೆಯ ದಾರಿಗಳಿವೆ.

ಮೊದಲನೆಯದು ಹೇರೆತ್ತಿನ ದಾರಿ. ಘಟ್ಟದ ಮೇಲಿನ ಮೆಣಸು ಎತ್ತುಗಳ ಬೆನ್ನೇರಿ ಕೆಳಗಿನ ಬಂದರುಗಳಿಗೆ ಇಳಿಯುತ್ತಿದ್ದ ಕಾಲದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ಅವಳ ಹೆಸರಿನೊಡನೆ ಸೇರಿಕೊಂಡಿರುವ ಮಿರ್ಜಾನಿನ ಕೋಟೆ ಇದೇ ಹೊಳೆಯ ಸಮೀಪದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಹೊರದೇಶಗಳಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಈ ಹಳೆಯ ದಾರಿಗಳಲ್ಲಿ ದೊಡ್ಡವು ಇಂದು ಹೆದ್ದಾರಿಗಳಾಗಿವೆ. ಸಣ್ಣವು ಕಾಡಿನೊಳಗೆ ಕಲ್ಲುಹಾಸಿನ ತುಣುಕುಗಳಾಗಿ ಉಳಿದಿವೆ.

ಎರಡನೆಯದು ಕೂಪಿನ ರಸ್ತೆ. ಮರ ಕಡಿದು ಸಾಗಿಸುವುದಕ್ಕಾಗಿ ಲಾರಿಗಳಿಗೆಂದು ಗುಡ್ಡ ಸೀಳಿ ಮಾಡಿದ್ದು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅವರು ತಡೆದದ್ದು ಕೊಡಲಿಯನ್ನು. ಕೊಡಲಿ ಕಾಡಿಗೆ ಬಂದದ್ದು ಕೂಪಿನ ರಸ್ತೆಯ ಮೇಲೆ. ಕಡಿತ ನಿಂತ ಮೇಲೆ ಆ ರಸ್ತೆಗಳಲ್ಲಿ ಹಲವನ್ನು ಕಾಡು ಮೆಲ್ಲಗೆ ಮರಳಿ ಪಡೆಯುತ್ತಿದೆ. ಸವಾರರ ಕಣ್ಣಿಗೆ ಅತ್ಯಂತ ಆಕರ್ಷಕವಾಗಿ ಕಾಣುವ ದಾರಿಗಳು ಇವೇ. ಜನವಿಲ್ಲ, ವಾಹನವಿಲ್ಲ, ಎರಡೂ ಬದಿಗೆ ಹಸುರು. ಮಾಯುತ್ತಿರುವ ಗಾಯವೆಂದು ಅವರಿಗೆ ಹೇಳುವವರು ಯಾರು?

ಮೂರನೆಯದು ಊರವರ ದಾರಿ. ಮಳೆಗಾಲ ಮುಗಿದ ಮೇಲೆ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಬಂದು, ದರೆ ಕುಸಿದಲ್ಲಿ ಮಣ್ಣು ತೆಗೆದು, ಹಳ್ಳಕ್ಕೆ ಕಾಲುಸಂಕ ಹಾಕಿ, ವರ್ಷವರ್ಷವೂ ಹೊಸದಾಗಿ ಮಾಡಿಕೊಳ್ಳುವ ದಾರಿ. ಇದರಲ್ಲಿ ಸೊಪ್ಪಿನಬೆಟ್ಟದ ದಾರಿಯೂ ಸೇರಿದೆ. ಹೊರಗಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕು: ಉತ್ತರ ಕನ್ನಡದಲ್ಲಿ ಅಡಕೆತೋಟದ ಪ್ರತಿ ಎಕರೆಗೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿದೆ. ನೆಲ ಸರ್ಕಾರದ ಅರಣ್ಯವೇ ಆದರೂ ಅಲ್ಲಿ ಸೊಪ್ಪು ಕಡಿಯುವ, ದರಕು ಗುಡಿಸುವ ಹಕ್ಕು ಅಚ್ಚುಕಟ್ಟಾಗಿ ಹಂಚಿಕೆಯಾಗಿದೆ. ಕಾಡಿನಂತೆ ಕಾಣುವ ಆ ಜಾಗ ಒಬ್ಬರ ತೋಟದ ಗೊಬ್ಬರದ ಕಣಜ. ಅಲ್ಲಿರುವ ಉಣುಗೋಲು ಯಾರದೋ ಮನೆಯ ಬಾಗಿಲು.

ಟಯರು, ನೀರು, ನೆತ್ತಿಯ ಮೇಲಿನ ಕೊಂಬೆ

ಒಂದು ಸೈಕಲ್ಲಿನಿಂದ ದಾರಿಗೆ ಏನು ಹಾನಿ ಎಂದು ಕೇಳಿದರೆ, ಒಣ ನೆಲದಲ್ಲಿ ಹೆಚ್ಚೇನೂ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಒಂದು ಜೀಪು ಒಂದೇ ದಿನದಲ್ಲಿ ಮಾಡುವ ಹಾನಿಯನ್ನು ನೂರು ಸೈಕಲ್ಲುಗಳೂ ಮಾಡಲಾರವು. ಆದರೆ ಮಣ್ಣು ಒದ್ದೆಯಾದಾಗ ಲೆಕ್ಕ ಬದಲಾಗುತ್ತದೆ. ಏರಿನಲ್ಲಿ ಟಯರು ಒಂದು ಗೀರು ಎಳೆಯುತ್ತದೆ. ಹಿಂದೆ ಬಂದವನು ಅದೇ ಗೀರಿನಲ್ಲಿ ಬರುತ್ತಾನೆ. ಮಳೆನೀರಿಗೆ ಬೇಕಾದದ್ದು ಅಷ್ಟೇ. ದಾರಿಯ ಅಗಲಕ್ಕೆ ಹರಡಿ ಬದಿಗಿಳಿಯಬೇಕಾಗಿದ್ದ ನೀರು ಗೀರಿನಲ್ಲಿ ಕೂಡಿಕೊಂಡು ವೇಗವಾಗಿ ಕೆಳಕ್ಕೋಡುತ್ತದೆ. ಗೀರು ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಮೇಲ್ಮಣ್ಣು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಇದನ್ನು ತಡೆಯಲೆಂದೇ ನಮ್ಮ ಹಿರಿಯರು ಏರಿನ ದಾರಿಗಳಿಗೆ ಅಲ್ಲಲ್ಲಿ ಓರೆಯಾಗಿ ಸಣ್ಣ ಅಡ್ಡಗಾಲುವೆ ತೋಡಿದರು. ಸವಾರನಿಗೆ ಅದು ಎತ್ತಿ ಹಾಕುವ ಕುಳಿ. ದಾರಿಯ ಆಯುಷ್ಯವಿರುವುದು ಆ ಕುಳಿಯಲ್ಲಿ. ಅದನ್ನು ತಪ್ಪಿಸಲು ಅವನು ಬದಿಯಲ್ಲಿ ಹೊಸ ಜಾಡು ಮಾಡಿದರೆ ನೀರೂ ಅವನ ಹಿಂದೆಯೇ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಈ ಕಣಿವೆ ಸಿಂಗಳೀಕಗಳ ನೆಲೆ. ಸಿಂಗಳೀಕ ಬಹುಮಟ್ಟಿಗೆ ಮರದಿಂದ ಮರಕ್ಕೆ ಸಾಗಿ ಬದುಕುವ ಪ್ರಾಣಿ. ದಾರಿ ಕಿರಿದಾಗಿದ್ದರೆ ಎರಡೂ ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿಕೊಳ್ಳುತ್ತವೆ. ಕೆಳಗೆ ಮನುಷ್ಯ ಹೋಗುತ್ತಾನೆ, ಮೇಲೆ ಸಿಂಗಳೀಕ ಹೋಗುತ್ತದೆ. ದಾರಿ ಅಗಲವಾದರೆ ನೆತ್ತಿಯ ಮೇಲೆ ಆಕಾಶ ತೆರೆಯುತ್ತದೆ. ಆಗ ಅದು ನೆಲಕ್ಕಿಳಿಯಬೇಕು, ಇಲ್ಲವೆ ಆಚೆಯ ಕಾಡನ್ನು ಬಿಟ್ಟುಬಿಡಬೇಕು. ಬಿಸಿಲು ಬಿದ್ದ ಅಂಚಿನಲ್ಲಿ ಕಮ್ಯುನಿಸ್ಟ್ ಗಿಡ ತುಂಬಿಕೊಳ್ಳುತ್ತದೆ. ದರೆಯನ್ನು ಬುಡದಲ್ಲಿ ಕಡಿದರೆ ಗುಡ್ಡದ ಆಧಾರ ತಪ್ಪುತ್ತದೆ. 2021ರ ಜುಲೈನಲ್ಲಿ ಬೇಡ್ತಿ ಕಣಿವೆಯ ಕಳಚೆಯಲ್ಲಿ ಮಳೆಗೆ ಗುಡ್ಡಗಳು ಜಾರಿ ಊರೇ ಕಂಗೆಟ್ಟಿತು. 2024ರ ಜುಲೈ 16ರಂದು ಅದೇ ಹೊಳೆಯ ಕೆಳಭಾಗದಲ್ಲಿ, ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಯ ಬದಿಯ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಒಂದು ಹೊಳೆಯಾಚೆ ನಡೆದದ್ದು ನಮಗೆ ದೂರದ್ದಲ್ಲ.

ಇಟಲಿಯ ಬಿಳಿದಾರಿ ಮತ್ತು ನಮ್ಮ ಕೆಂಪುದಾರಿ

ಇಟಲಿಯ ಟಸ್ಕನಿ ಸೀಮೆಯಲ್ಲಿ ‘ಸ್ಟ್ರಾದೆ ಬಿಯಾಂಕೆ’ ಎಂಬ ಬಿಳಿ ಜಲ್ಲಿದಾರಿಗಳಿವೆ. ದ್ರಾಕ್ಷಿತೋಟಗಳ ನಡುವಿನ ಆ ಹಳೆಯ ದಾರಿಗಳಿಗೆ ಒಂದೊಂದಾಗಿ ಡಾಂಬರು ಬರತೊಡಗಿದಾಗ, 1997ರಲ್ಲಿ ಜಾಂಕಾರ್ಲೊ ಬ್ರೋಚ್ಚಿ ಎಂಬಾತ ಗಾಯೋಲೆ ಎಂಬ ಊರಿನಿಂದ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಹೊರಡಿಸಿದ. ಅದರ ಹೆಸರು ‘ಲೆರೋಯಿಕಾ’. ಮೊದಲ ವರ್ಷ ಬಂದವರು 92 ಮಂದಿ. ಈಗ ಅಲ್ಲಿ ಸಾವಿರಾರು ಜನ ಸೇರುತ್ತಾರೆ. ದಾರಿಗೆ ಹೀಗೊಂದು ಬೆಲೆ ಬಂದದ್ದರಿಂದ ಡಾಂಬರನ್ನು ದೂರವಿಡುವುದು ಸುಲಭವಾಯಿತು. ಸೈಕಲ್ಲು ದಾರಿಯನ್ನು ಉಳಿಸಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ. ಪತ್ರ ಬರೆದ ಗೆಳೆಯರೂ ಇದನ್ನೇ ಎತ್ತಿ ಹೇಳಿದ್ದಾರೆ.

ನಿದರ್ಶನ ಒಳ್ಳೆಯದೇ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಮನೆಬಾಗಿಲಿಗೆ ಒಳ್ಳೆಯ ರಸ್ತೆ ಮೊದಲೇ ಬಂದಿತ್ತು. ಉಳಿದ ಜಲ್ಲಿದಾರಿಯನ್ನು ಸೊಬಗಿಗಾಗಿ ಕಾಪಾಡುವ ಸ್ವಾತಂತ್ರ್ಯ ಅವರಿಗಿತ್ತು. ನಮ್ಮಲ್ಲಿ ಇಂದಿಗೂ ಆಷಾಢದಲ್ಲಿ ಬಸುರಿ ಹೆಂಗಸನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕಾದ ಕೇರಿಗಳಿವೆ. ಕಾಲುಸಂಕ ಕೊಚ್ಚಿಹೋದರೆ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳಿದ್ದಾರೆ. ಆ ಕೇರಿಯ ಜನರೆದುರು ನಿಂತು, ನಗರದಿಂದ ಬರುವವರ ಸಂತೋಷಕ್ಕಾಗಿ ನೀವು ಕೆಸರಿನಲ್ಲಿಯೇ ಇರಿ ಎಂದು ಹೇಳುವ ಬಾಯಿ ನಮ್ಮ ಒಕ್ಕೂಟಕ್ಕೆ ಇರಬಾರದು. ಪರಿಸರದ ಹೆಸರಿನಲ್ಲಿ ಹಾಗೆ ಹೇಳಿದ ದಿನವೇ ನಾವು ಊರನ್ನು ಕಳೆದುಕೊಳ್ಳುತ್ತೇವೆ.

ಹಾಗಾದರೆ ಉಳಿಸಬೇಕಾದದ್ದು ಯಾವುದು? ಬಹಳ ದಿನ ಯೋಚಿಸಿದ ಮೇಲೆ ನನಗೆ ತೋಚಿದ್ದಿಷ್ಟು: ದಾರಿಯ ಮಣ್ಣಿಗಿಂತಲೂ ದಾರಿಯ ಕಿರಿದುತನವನ್ನು ನಾವು ಉಳಿಸಿಕೊಳ್ಳಬೇಕು. ಊರಿಗೆ ಬೇಕಾದದ್ದು ಮಳೆಗಾಲದಲ್ಲೂ ಆಂಬುಲೆನ್ಸ್ ಬರುವಂಥ ದಾರಿ. ಅದಕ್ಕೆ ಹಳ್ಳಕ್ಕೊಂದು ಗಟ್ಟಿಯಾದ ಮೋರಿ, ಕಡಿದಾದ ಏರಿಗೊಂದಿಷ್ಟು ಕಾಂಕ್ರೀಟು, ಬದಿಗೆ ನೀರಿನ ಚರಂಡಿ ಸಾಕು. ಎರಡು ಬಸ್ಸು ಎದುರುಬದುರಾಗುವ ಅಗಲ ಬೇಡ. ಕಾಡಿಗೆ ಬೇಕಾದದ್ದು ಮೇಲೆ ಕೂಡಿಕೊಂಡ ಕೊಂಬೆಗಳು, ಕೆಳಗೆ ಕಡಿಯದ ದರೆ. ಸೈಕಲ್ ಸವಾರನಿಗೆ ಬೇಕಾದದ್ದು ವೇಗದ ವಾಹನವಿಲ್ಲದ ನೆರಳಿನ ದಾರಿ. ನಡುನಡುವೆ ನಾಲ್ಕು ಮಾರು ಕಾಂಕ್ರೀಟು ಬಂದರೆ ಅವನ ಸುಖವೇನೂ ಕೆಡುವುದಿಲ್ಲ. ಊರು, ಕಾಡು, ಸವಾರ ಮೂವರೂ ಒಪ್ಪುವ ಸಂಗತಿ ಈ ಕಿರಿದು ದಾರಿ ಒಂದೇ. ಶಿರಸಿ–ಕುಮಟಾ ಹೆದ್ದಾರಿಯ ಅಗಲೀಕರಣದಲ್ಲಿ ಎಷ್ಟು ಮರ ಹೋಯಿತು, ಎಷ್ಟು ದರೆ ಸೀಳಿತು ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಒಳದಾರಿಗಳಿಗೂ ಅದೇ ಗತಿ ಬರದಂತೆ ನೋಡಿಕೊಳ್ಳುವಾಗ ಸವಾರರು ನಮ್ಮ ಜೊತೆ ನಿಲ್ಲುವುದಾದರೆ ಅವರು ನಮಗೆ ಬೇಕಾದವರೇ.

ಎಲ್ಲಿ ಬೇಡ, ಯಾವಾಗ ಬೇಡ

ಇನ್ನು ನಕ್ಷೆಯ ವಿಚಾರ. ಮೊದಲು, ಅದರಲ್ಲಿ ಇರಬಾರದ ದಾರಿಗಳನ್ನು ಹೇಳಿಬಿಡುತ್ತೇನೆ.

ಅಭಯಾರಣ್ಯದೊಳಗಿನ ಕೂಪಿನ ರಸ್ತೆಗಳು ಬೇಡ. 2011ರಲ್ಲಿ ಘೋಷಿತವಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದ 299.52 ಚದರ ಕಿಲೋಮೀಟರ್ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿಹೋಗಿದೆ. ಈಗ ಅದರ ಒಟ್ಟು ವಿಸ್ತಾರ 930.16 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯವನ್ನು ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವುದಕ್ಕೆ ಅಡ್ಡಿಯಿಲ್ಲ. ಅದನ್ನು ಬಿಟ್ಟು ಒಳಗೆ ಕಾಲಿಡಲು ಹೊರಗಿನವರಿಗೆ ಅನುಮತಿ ಬೇಕು. ಮೊಬೈಲಿನಲ್ಲಿ ಗೆರೆಯಿದೆ ಎಂಬುದು ಅನುಮತಿಯಲ್ಲ.

ರಾಮಪತ್ರೆ ಜಡ್ಡಿಗಳ ಹತ್ತಿರದ ಜಾಡುಗಳು ಬೇಡ. ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿಯಂತೆ ನೀರಿನಿಂದ ಮೇಲಕ್ಕೆತ್ತಿ ನಿಲ್ಲುವ ಆ ಜೌಗುಕಾಡು ಎಷ್ಟು ಪುರಾತನವೋ ಅಷ್ಟೇ ಸೂಕ್ಷ್ಮ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಹೆಸರನ್ನೇ ಹೊತ್ತ ಹೊಸ ಮರಜಾತಿಯೊಂದು ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಅದು ಇಂಥ ಜಡ್ಡಿಯ ಮರ. ಅಲ್ಲಿ ನೀರಿನ ದಾರಿ ಒಂದಿಷ್ಟು ತಪ್ಪಿದರೂ ಇಡೀ ಜಡ್ಡಿ ಒಣಗುತ್ತದೆ. ಸೊಪ್ಪಿನಬೆಟ್ಟದ ದಾರಿಗಳೂ, ದೇವರಕಾಡಿನ ದಾರಿಗಳೂ, ಆಯಾ ಕೇರಿಯವರು ತಾವಾಗಿ ಒಪ್ಪಿದ ಹೊರತು, ಬೇಡ.

ಜೂನಿನಿಂದ ಮಣ್ಣು ಆರುವವರೆಗೆ ಬೇಡ. ಮಳೆಗಾಲದ ಮಲೆನಾಡನ್ನು ನೋಡಬೇಕೆನ್ನುವವರು ಡಾಂಬರಿನ ಮೇಲೆ ಬರಲಿ. ಕೊಳೆರೋಗದ ರೋಗಾಣು ಒದ್ದೆ ಮಣ್ಣಿನಲ್ಲಿಯೂ ಇರುತ್ತದೆ. ಒಂದು ತೋಟದಂಚಿನ ಕೆಸರನ್ನು ಇನ್ನೊಂದು ತೋಟಕ್ಕೆ ಹೊತ್ತು ತರದಂತೆ ಊರು ಬಿಡುವ ಮುನ್ನ ಚಕ್ರ ತೊಳೆಯುವುದು ಒಳ್ಳೆಯ ರೂಢಿ.

ಬೇಸಗೆಗೆ ಇನ್ನೊಂದು ಎಚ್ಚರವಿದೆ. ಇದನ್ನು ಹೇಳದಿದ್ದರೆ ನಾವು ಅತಿಥಿಗಳಿಗೆ ದ್ರೋಹ ಮಾಡಿದಂತೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಹರಡುತ್ತದೆ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೇ ಅದು ಜೀವಗಳನ್ನು ತೆಗೆದುಕೊಂಡಿತು. ಹರಡುವುದು ಉಣ್ಣೆಯಿಂದ, ಉಣ್ಣೆ ಇರುವುದು ತರಗೆಲೆಯಲ್ಲಿ. ಸವಾರ ದಣಿದು ಮರದ ಬುಡದ ದರಕಿನ ಮೇಲೆ ಮೈಚಾಚುತ್ತಾನಲ್ಲ, ಅಪಾಯವಿರುವುದು ಅಲ್ಲಿಯೇ. ಮಂಗ ಸತ್ತ ಸುದ್ದಿಯಿರುವ ಕಡೆ ಹೋಗಬಾರದು, ಮೈತುಂಬ ಬಟ್ಟೆ ತೊಡಬೇಕು, ಮನೆಗೆ ಹೋದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು, ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಬೇಕು. ನಕ್ಷೆಯ ಮೊದಲ ಪುಟದಲ್ಲಿ ಇದು ದಪ್ಪಕ್ಷರದಲ್ಲಿ ಇರಲಿ.

ಎಲ್ಲಿ ಬರಲಿ

ಬೇಡಗಳನ್ನು ಹೇಳಿ ಮುಗಿಸಿದರೆ ನಾವು ಬಾಗಿಲು ಮುಚ್ಚಿದವರಾಗುತ್ತೇವೆ. ಆದ್ದರಿಂದ ಮೂರು ಕಡೆಗಳನ್ನು ಸೂಚಿಸುತ್ತೇನೆ.

ಒಂದು, ಹೊಳೆಯ ತಲೆಯಲ್ಲಿ. ಶಿರಸಿಯಿಂದ ಮಂಜುಗುಣಿಯ ವೆಂಕಟರಮಣನ ಸನ್ನಿಧಿಯವರೆಗಿನ ಊರದಾರಿಗಳು. ಒಂದು ಹೊಳೆ ಹೇಗೆ ಹುಟ್ಟುತ್ತದೆ, ತೋಟದ ಕಾಲುವೆಗಳು ಹೇಗೆ ಹಳ್ಳವಾಗುತ್ತವೆ ಎಂಬುದನ್ನು ಸವಾರ ಅಲ್ಲಿ ನಿಧಾನವಾಗಿ ನೋಡಬಹುದು. ಅಡಕೆ ಕೊಯ್ಲಿನ ದಿನಗಳಾದರೆ ದಾರಿಯಲ್ಲಿ ಕೊನೆ ಹೊತ್ತವರಿಗೆ ಇಳಿದು ದಾರಿ ಬಿಡಬೇಕು.

ಎರಡು, ಹೊಳೆಯ ನಡುವಿನಲ್ಲಿ. ಸಿದ್ದಾಪುರದಿಂದ ಬಿಳಗಿಯ ರತ್ನತ್ರಯ ಬಸದಿಯನ್ನು ನೋಡಿಕೊಂಡು, ಬೇರೆ ದಿನ ಹೆಗ್ಗರಣೆಯ ಮೇಲಿಂದ ಉಂಚಳ್ಳಿಯ ಕಡೆಗೆ. ಈಗಾಗಲೇ ಜನ ಓಡಾಡುವ ದಾರಿಯಲ್ಲೇ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ಸೈಕಲ್ಲನ್ನು ದಾರಿ ಮುಗಿದಲ್ಲಿ ನಿಲ್ಲಿಸಿ ನಡೆದುಹೋಗಿ ನೋಡಬೇಕು. ಆ ಜಲಪಾತಕ್ಕೆ ನಮ್ಮವರು ಕೆಪ್ಪಜೋಗವೆಂದು ಹೆಸರಿಟ್ಟಿದ್ದಾರೆ. ಅದರ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಅಲ್ಲಿ ನಮ್ಮ ಸದ್ದು ಬೇಕಿಲ್ಲ. ಕೊರಕಲಿಗೆ ಇಳಿಯುವ ಜಾಡು ನಕ್ಷೆಯಲ್ಲಿ ಇರಕೂಡದು.

ಮೂರು, ಹೊಳೆಯ ಕೊನೆಯಲ್ಲಿ. ಮಿರ್ಜಾನಿನ ಕೋಟೆಯ ಸುತ್ತಿನಿಂದ ಗಜನಿಯ ಬಯಲಿನ ಊರುಗಳನ್ನು ಹಾದು ತದಡಿಯವರೆಗೆ, ಅಲ್ಲಿಂದ ನೀರು ದಾಟಿ ಅಘನಾಶಿನಿ ಊರಿಗೆ. ಏರಿಲ್ಲದ, ಮಕ್ಕಳು ಮುದುಕರೂ ತುಳಿಯಬಲ್ಲ ದಾರಿ ಇದು. ಚಳಿಗಾಲದಲ್ಲಿ ವಲಸೆಹಕ್ಕಿಗಳನ್ನೂ ಕಾಣಬಹುದು. ಗಜನಿಯ ಮಣ್ಣುಕಟ್ಟೆಗಳ ಮೇಲೆ ಮಾತ್ರ ಸೈಕಲ್ ಹತ್ತಿಸಬಾರದು. ಉಪ್ಪುನೀರನ್ನು ಬತ್ತದಿಂದ ದೂರವಿಟ್ಟಿರುವುದು ಆ ಕಟ್ಟೆಯೊಂದೇ; ಅದು ಒಡೆದರೆ ಒಂದು ಬಯಲಿನ ಅನ್ನ ಹೋಗುತ್ತದೆ.

ಘಟ್ಟದ ಮೇಲಿನಿಂದ ಕೆಳಕ್ಕೆ ಕಾಡಿನೊಳಗಿನ ಮಣ್ಣುದಾರಿಯಲ್ಲಿಯೇ ಇಳಿಯುವ ಮಾರ್ಗವನ್ನು ಅವರು ಮುಖ್ಯವಾಗಿ ಕೇಳಿದ್ದಾರೆ. ಅದನ್ನು ನಾವು ಕೊಡಬಾರದೆಂದು ನನ್ನ ಅಭಿಪ್ರಾಯ. ದೇವಿಮನೆ ಘಟ್ಟವಿದೆ, ದೊಡ್ಡಮನೆ ಘಟ್ಟವಿದೆ. ವಾಹನ ಕಡಿಮೆಯಿರುವ ಮುಂಜಾನೆ ಅಲ್ಲಿ ಇಳಿಯಲಿ. ಕಣಿವೆಯ ಮೇಲನ್ನೂ ಕೆಳಗನ್ನೂ ಒಂದೇ ಗೆರೆಯಿಂದ ಹೊಲಿಯುವ ಹಟ ಬೇಡ.

ನಾಳೆಯ ಉತ್ತರ

ಕಾರ್ಯಕಾರಿ ಸಮಿತಿಗೆ ನನ್ನ ಸಲಹೆ ಇಷ್ಟು. ನಕ್ಷೆ ಮಾಡಿಕೊಡುವುದಿಲ್ಲವೆಂದು ಬರೆಯುವುದು ಬೇಡ. ನಾವು ಮಾಡದಿದ್ದರೆ ಬೇರೆ ಯಾರೋ ದೂರದಲ್ಲಿ ಕುಳಿತು, ಉಪಗ್ರಹದ ಚಿತ್ರ ನೋಡಿ, ನಮ್ಮ ಬೆಟ್ಟದ ಮೇಲೆ ಗೆರೆ ಎಳೆಯುತ್ತಾರೆ. ಒಮ್ಮೆ ಹರಡಿದ ಗೆರೆಯನ್ನು ಅಳಿಸುವವರಿಲ್ಲ. ನಾವೇ ಮಾಡೋಣ, ನಮ್ಮ ರೀತಿಯಲ್ಲಿ ಮಾಡೋಣ. ಪ್ರತಿಯೊಂದು ದಾರಿಯನ್ನೂ ಅದು ಹಾದುಹೋಗುವ ಊರಿನ ಗ್ರಾಮಸಭೆಯ ಮುಂದೆ ಇಡೋಣ. ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಗ್ರಾಮ ಅರಣ್ಯ ಸಮಿತಿಯನ್ನೂ ಕೇಳೋಣ. ಒಂದು ಕೇರಿ ಬೇಡವೆಂದರೆ ಆ ಗೆರೆ ಅಲ್ಲಿಗೆ ನಿಲ್ಲಲಿ. ಕಾರಣ ಕೇಳುವುದೂ ಬೇಡ. ಒಪ್ಪಿದ ಊರಿನಲ್ಲಿ ಬಂದವರು ಉಣ್ಣುವುದು, ತಂಗುವುದು ಊರಿನ ಮನೆಗಳಲ್ಲಿಯೇ ಆಗಲಿ. ಒಂದು ಗುಂಪಿನಲ್ಲಿ ಎಷ್ಟು ಜನ ಎಂಬುದನ್ನು ಊರು ನಿರ್ಧರಿಸಲಿ. ಸ್ಪರ್ಧೆಗಳಂತೂ ಬೇಡ, ಗಡಿಯಾರ ನೋಡುತ್ತ ಓಡುವವನಿಗೆ ಉಣುಗೋಲು ಮರಳಿ ಹಾಕುವಷ್ಟು ಪುರಸೊತ್ತು ಇರುವುದಿಲ್ಲ.

ಇದರ ಜೊತೆಗೆ ಅವರಲ್ಲಿ ಒಂದು ಮಾತು ಕೇಳೋಣ. ಮಳೆಗಾಲ ಮುಗಿದ ಮೇಲೆ ಊರವರು ದಾರಿ ಸರಿಮಾಡುವ ದಿನ, ವರ್ಷಕ್ಕೊಮ್ಮೆ, ಅವರೂ ಬರಲಿ. ಸೈಕಲ್ಲು ಬದಿಗಿಟ್ಟು ಗುದ್ದಲಿ ಹಿಡಿಯಲಿ. ಅಡ್ಡಗಾಲುವೆಯನ್ನು ತಮ್ಮ ಕೈಯಿಂದ ತೋಡಿದವನು ಮುಂದೆಂದೂ ಅದನ್ನು ಕುಳಿಯೆಂದು ಬೈಯುವುದಿಲ್ಲ. ನಾಳೆ ಒಳದಾರಿಯನ್ನು ಅಗಲ ಮಾಡುವ ಯಂತ್ರ ಬಂದಾಗ ನಗರದಲ್ಲಿ ನಮ್ಮ ಪರವಾಗಿ ಮಾತನಾಡುವ ನಾಲ್ಕು ದನಿಗಳೂ ಅವರಿಂದ ಹುಟ್ಟಬಹುದು.

ನಮ್ಮೂರಿನ ಆ ಪ್ರಸಂಗ ಹೇಗೆ ಮುಗಿಯಿತೆಂದು ಯಾರೋ ಆಗಲೇ ಕೇಳಿದಿರಿ. ವಾರ ಕಳೆದ ಮೇಲೆ ನಮ್ಮೂರ ಹುಡುಗನೊಬ್ಬ ಆ ಗುಂಪಿನವರನ್ನು ಹುಡುಕಿ ಸುದ್ದಿ ಮುಟ್ಟಿಸಿದ. ಇಬ್ಬರು ಮತ್ತೆ ಬಂದರು, ಈ ಸಲ ಬಸ್ಸಿನಲ್ಲಿ. ಆ ತಾಯಿಯ ಮನೆಯ ಜಗುಲಿಯಲ್ಲಿ ಕುಳಿತು ತಪ್ಪಾಯಿತೆಂದರು, ನಷ್ಟದ ಹಣ ಮುಂದಿಟ್ಟರು. ಆಕೆ ಹಣ ತೆಗೆದುಕೊಂಡರು, ತೆಗೆದುಕೊಳ್ಳಬೇಕಾದದ್ದೇ. ಆಮೇಲೆ ಅವರಿಬ್ಬರನ್ನೂ ಬೆಟ್ಟದ ದಾರಿಗೆ ಕರೆದುಕೊಂಡು ಹೋಗಿ, ಉಣುಗೋಲಿನ ಗಳಗಳನ್ನು ಒಂದೊಂದಾಗಿ ಸರಿಸಿ, ಒಂದೊಂದಾಗಿ ಮರಳಿ ಹಾಕಿ ತೋರಿಸಿದರು. “ತೆಗೆಯೂದು ತ್ರಾಸಲ್ಲ ತಮ್ಮಾ, ಹಾಕೂದ್ನ ಮರೀಬೇಡಿ” ಎಂದರು.

ನಾವು ಬರೆಯಬೇಕಾದ ಉತ್ತರ ಇದಕ್ಕಿಂತ ಹೆಚ್ಚಿನದೇನೂ ಅಲ್ಲ.